ಟ್ರ್ಯಾಕ್ಟರ್ ಬ್ಲಾಕ್ ಬಿರುಕು ಬಿಟ್ರೆ

ತಾಳವಾಡಿ ಬೆಟ್ಟದಲ್ಲಿ ಎಷ್ಟೇ ಚಳಿ ಇರ್ಲಿ, ನೀರು ಹೆಪ್ಪುಗಟ್ಟಿ ಮಿನಿ ಟ್ರ್ಯಾಕ್ಟರ್ ಬ್ಲಾಕ್ ಒಡೆಯಲ್ಲ. ಒಡೆಯೋದು ನಮ್ಮ ಅವಸರಕ್ಕೆ, ಕಾದ ಎಂಜಿನ್‌ಗೆ ತಣ್ಣೀರು ಸುರಿದಾಗ!

ಬಿರುಕು ನೀರು ಓಡಾಡೋ ಹೊರಗೋಡೆಯಲ್ಲಿದ್ರೆ ಸರಿಮಾಡಬಹುದು. ಕ್ರ್ಯಾಂಕ್ ಕೂರೋ ಜಾಗದಲ್ಲಿದ್ರೆ ವೆಲ್ಡಿಂಗ್ ಆಸೆ ಬಿಡಿ.

ಮೊದಲು ಬಿರುಕಿನ ಎರಡೂ ತುದಿಗೆ 3 ಮಿಲಿಮೀಟರ್ ತೂತು ಹಾಕಿ, ಇಲ್ದಿದ್ರೆ ಅದು ಮುಂದಕ್ಕೆ ಓಡುತ್ತೆ. ಜಿಡ್ಡು ತೆಗೆದು, ಗ್ರೈಂಡರ್‌ನಲ್ಲಿ ವಿ ಆಕಾರಕ್ಕೆ ಕೊರೀರಿ. ರಾಡ್ ಮಾತ್ರ ನಿಕ್ಕಲ್‌ದೇ ಬೇಕು. ದುಬಾರಿ, ನಿಜ. ಆದ್ರೆ ಬ್ಲಾಕ್‌ನ ಬೀಡು ಕಬ್ಬಿಣದಲ್ಲಿ ಕಾರ್ಬನ್ ಶೇ. 2ಕ್ಕೂ ಹೆಚ್ಚು, ಮಾಮೂಲಿ ರಾಡ್ ಹಾಕಿದ್ರೆ ಪಕ್ಕದಲ್ಲೇ ಮತ್ತೆ ಸೀಳುತ್ತೆ.

ಒಂದೊಂದೇ ಅಂಗುಲ ಹಾಕಿ, ಬಿಸಿ ಇರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಕೈಯಿಡುವಷ್ಟು ತಣಿದ ಮೇಲೆ ಮುಂದಿನ ಅಂಗುಲ. ಆರಿಸೋಕೆ ನೀರು ಚಿಮುಕಿಸ್ಬೇಡಿ, ದಯವಿಟ್ಟು!

ಬೀಡು ವೆಲ್ಡರ್ ಹುಡುಕ್ತಿದ್ದೀರಾ? ತಾಳವಾಡಿಯಿಂದ ದಿಂಬಂ ಘಾಟಿಯ 27 ತಿರುವು ಇಳಿಯೋದಕ್ಕಿಂತ ಚಾಮರಾಜನಗರವೇ ಹತ್ತಿರ.