ಗ್ರಾಮಿನ ಲೆಕ್ಕ: ಪಂದ್ಯದ ಮೌಂಟನ್ ಬೈಕಿಗೆ ಹಗುರ ಬಿಡಿಭಾಗಗಳ ಆಯ್ಕೆ

ಆರೋಗ್ಯಕ್ಕಾಗಿ ಸೈಕಲ್ ತುಳಿಯುವ ಅಭ್ಯಾಸವು ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿಯೂ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಹೀಗೆ ಆರಂಭಿಸಿದ ತರುಣ ತರುಣಿಯರಲ್ಲಿ ಕೆಲವರು ಡಾಂಬರು ರಸ್ತೆಯನ್ನು ಬಿಟ್ಟು ಗುಡ್ಡದ ಕಾಲುದಾರಿಯನ್ನು ಹಿಡಿಯುತ್ತಾರೆ. ಅವರಲ್ಲಿಯೂ ಕೆಲವರು ‘ಕ್ರಾಸ್ ಕಂಟ್ರಿ’ ಪಂದ್ಯಗಳಿಗೆ ಅಣಿಯಾಗುತ್ತಾರೆ. ಆಗ ಮನೆಯ ಹಿರಿಯರ ಮುಂದೆ ಒಂದು ಬೇಡಿಕೆ ತಪ್ಪದೆ ಬರುತ್ತದೆ: “ಸೈಕಲ್ ಬಹಳ ಭಾರ, ಹಗುರವಾದ ಭಾಗಗಳನ್ನು ಹಾಕಿಸಬೇಕು.” ಈ ಬೇಡಿಕೆಯಲ್ಲಿ ಸತ್ಯವೆಷ್ಟು, ವ್ಯಾಮೋಹವೆಷ್ಟು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಪಂದ್ಯದ ಸ್ವರೂಪ

ಮೌಂಟನ್ ಬೈಕ್ ಕ್ರೀಡೆಯು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯ ಗುಡ್ಡಗಳಲ್ಲಿ ರೂಪುಗೊಂಡಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಕೆಲವು ಕಿಲೋಮೀಟರುಗಳ ಸುತ್ತನ್ನು ಹಲವು ಬಾರಿ, ಸುಮಾರು ಒಂದೂವರೆ ಗಂಟೆಯ ಕಾಲ ಸುತ್ತುವುದು ಅದರ ಕ್ರಮ. ಕಡಿದಾದ ಏರು, ಕಲ್ಲು ಬೇರುಗಳಿಂದ ತುಂಬಿದ ಇಳಿಜಾರು ಎರಡೂ ಅದರಲ್ಲಿರುತ್ತವೆ. ಏರಿಗೆ ಹಗುರತನ ಬೇಕು. ಇಳಿಜಾರಿಗೆ ಗಟ್ಟಿತನ ಬೇಕು. ರಸ್ತೆ ಪಂದ್ಯದ ಸೈಕಲ್ಲು 6.8 ಕಿಲೋಗ್ರಾಮಿಗಿಂತ ಕಡಿಮೆ ತೂಗಬಾರದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮವಿದೆ. ಮೌಂಟನ್ ಬೈಕಿಗೆ ಅಂತಹ ಮಿತಿಯಿಲ್ಲ. ಆದುದರಿಂದ ಇಲ್ಲಿ ಮಿತಿಯನ್ನು ಹಾಕಿಕೊಳ್ಳಬೇಕಾದವನು ಕೊಳ್ಳುವವನೇ.

ಒಂದು ಕಿಲೋಗ್ರಾಮಿನ ಬೆಲೆ

ಸವಾರನ ತೂಕ 68 ಕಿಲೋ, ಸೈಕಲ್ಲಿನದು 12 ಕಿಲೋ, ಒಟ್ಟು 80 ಕಿಲೋ ಎಂದಿಟ್ಟುಕೊಳ್ಳೋಣ. ಸೈಕಲ್ಲಿನಿಂದ ಒಂದು ಕಿಲೋ ಇಳಿಸಿದರೆ ಒಟ್ಟು ತೂಕ ಶೇಕಡಾ 1.25ರಷ್ಟು ಕಡಿಮೆಯಾಗುತ್ತದೆ. ಕಡಿದಾದ ಏರಿನಲ್ಲಿ ಶಕ್ತಿಯ ಬಹುಪಾಲು ಭಾರವನ್ನು ಮೇಲೆತ್ತುವುದಕ್ಕೇ ವ್ಯಯವಾಗುವುದರಿಂದ, ಕಾಲವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಎಂದರೆ 20 ನಿಮಿಷಗಳ ಏರಿನಲ್ಲಿ ಸುಮಾರು 15 ಸೆಕೆಂಡು ಉಳಿತಾಯ. ಸಮತಟ್ಟಾದ ನೆಲದಲ್ಲಿ ಲಾಭ ಅತ್ಯಲ್ಪ. ಪಂದ್ಯದಲ್ಲಿ 15 ಸೆಕೆಂಡು ಸಣ್ಣದಲ್ಲ. ಆದರೆ ಅದಕ್ಕೆ ತೆರುವ ಬೆಲೆಯನ್ನೂ ನೋಡಬೇಕು.

ಇದಕ್ಕೆ ಸುಲಭವಾದ ಮಾನದಂಡವೊಂದಿದೆ: ಉಳಿಸಿದ ಪ್ರತಿ ಗ್ರಾಮಿಗೆ ಎಷ್ಟು ರೂಪಾಯಿ? 400 ಗ್ರಾಮಿನ ಭಾಗಕ್ಕೆ 6,000 ರೂಪಾಯಿ, 300 ಗ್ರಾಮಿನದಕ್ಕೆ 16,000 ರೂಪಾಯಿ ಎಂದು ಭಾವಿಸಿ. ಹಳೆಯದು ಸವೆದು, ಹೇಗೂ ಹೊಸದನ್ನು ಕೊಳ್ಳಬೇಕಾಗಿದ್ದರೆ ಹೆಚ್ಚುವರಿ ಖರ್ಚು 10,000. ಗ್ರಾಮಿಗೆ 100 ರೂಪಾಯಿ. 400 ಗ್ರಾಮಿನ ಆ ಭಾಗ ಇನ್ನೂ ಚೆನ್ನಾಗಿರುವಾಗಲೇ ಬದಲಿಸಿದರೆ ಪೂರ್ಣ 16,000ವೂ ಖರ್ಚೇ. ಗ್ರಾಮಿಗೆ 160 ರೂಪಾಯಿ. ಆದುದರಿಂದ ಸವೆಯುವ ಭಾಗಗಳನ್ನು ಸವೆದಾಗ ಬದಲಿಸುವುದೇ ಜಾಣತನ.

ಮೊದಲು ಎಲ್ಲಿ?

ಮೊದಲನೆಯದು ಟ್ಯೂಬು. 29 ಇಂಚಿನ ಸಾಧಾರಣ ಟ್ಯೂಬು ಸುಮಾರು 200 ಗ್ರಾಂ ತೂಗುತ್ತದೆ. ಅದನ್ನು ತೆಗೆದು, ತೂತು ಮುಚ್ಚುವ ಸೀಲಂಟ್ ಎಂಬ ಹಾಲಿನಂತಹ ದ್ರವವನ್ನು ಸುಮಾರು 100 ಗ್ರಾಂ ಹಾಕಿದರೆ, ಎರಡು ಚಕ್ರಗಳಿಂದ 200 ಗ್ರಾಂ ಇಳಿಯುತ್ತದೆ. ಗಾಳಿಯ ಒತ್ತಡವನ್ನು ತಗ್ಗಿಸಬಹುದಾದುದರಿಂದ ನೆಲದ ಮೇಲಿನ ಹಿಡಿತವೂ ಹೆಚ್ಚುತ್ತದೆ. ರಿಮ್ಮು ಮತ್ತು ಟೈರು ಈ ಕ್ರಮಕ್ಕೆ ತಕ್ಕವಾಗಿರಬೇಕು. ನಮ್ಮ ಸೆಕೆಗೆ ದ್ರವ ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಬೇಕು.

ಎರಡನೆಯದು ಮುಂದಿನ ಫೋರ್ಕು. ಅಗ್ಗದ ಉಕ್ಕಿನ ಸ್ಪ್ರಿಂಗಿನ ಫೋರ್ಕು ಎರಡು ಕಿಲೋಗೂ ಮಿಗಿಲು. ಪಂದ್ಯಕ್ಕೆಂದೇ ಮಾಡಿದ ಗಾಳಿ ಸ್ಪ್ರಿಂಗಿನದು ಒಂದೂವರೆ ಕಿಲೋ ಆಸುಪಾಸು. ಇಲ್ಲಿ ಅರ್ಧ ಕಿಲೋದಷ್ಟು ಉಳಿತಾಯ ಒಮ್ಮೆಗೇ ದೊರೆಯುತ್ತದೆ; ಆಘಾತ ತಡೆಯುವ ಗುಣವೂ ಉತ್ತಮಗೊಳ್ಳುತ್ತದೆ. ಚೌಕಟ್ಟಿಗೆ ಅದು ಹೊಂದುವುದೇ ಎಂದು ಮೊದಲೇ ವಿಚಾರಿಸಬೇಕು.

ಮೂರನೆಯದು ಚಕ್ರಗಳು. ವೇಗ ಹೆಚ್ಚಿಸುವಾಗ ರಿಮ್ಮಿನ ಒಂದು ಗ್ರಾಮು ಚೌಕಟ್ಟಿನ ಸುಮಾರು ಎರಡು ಗ್ರಾಮಿಗೆ ಸಮ. ಅದು ಮುಂದೆಯೂ ಚಲಿಸಬೇಕು, ಸುತ್ತಲೂ ಬೇಕು. ಪ್ರತಿ ತಿರುವಿನ ನಂತರ ವೇಗ ಕೂಡಿಸಬೇಕಾದ ಈ ಪಂದ್ಯದಲ್ಲಿ ಇದು ಗಮನಾರ್ಹ.

ಹಿಂಚಕ್ರದ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್ಟಿನ ವಿಷಯದಲ್ಲಿ ಎಚ್ಚರ ಅಗತ್ಯ. ಶಿಮಾನೊ ಸಂಸ್ಥೆಯ 12 ವೇಗದ, 10ರಿಂದ 51 ಹಲ್ಲುಗಳ ಕ್ಯಾಸೆಟ್ಟುಗಳಲ್ಲಿ ಡಿಯೋರ್ ಸುಮಾರು 590 ಗ್ರಾಂ, ಎಸ್‌ಎಲ್‌ಎಕ್ಸ್ 530, ಎಕ್ಸ್‌ಟಿ 470, ಎಕ್ಸ್‌ಟಿಆರ್ 370 ಗ್ರಾಂ. ಮೇಲಕ್ಕೆ ಹೋದಂತೆ ಉಕ್ಕಿನ ಸ್ಥಾನದಲ್ಲಿ ಅಲ್ಯೂಮಿನಿಯಂ, ಟೈಟಾನಿಯಂ ಬರುತ್ತವೆ. ಬೆಲೆ ಏರುತ್ತದೆ, ಆದರೆ ಉಕ್ಕಿನಷ್ಟು ಬಾಳಿಕೆ ಬರುವುದಿಲ್ಲ. ದಿನನಿತ್ಯದ ಅಭ್ಯಾಸಕ್ಕೂ ಅದೇ ಸೈಕಲ್ಲನ್ನು ಬಳಸುವವರಿಗೆ ನಡುವಣ ದರ್ಜೆಯೇ ಹಿತ.

ಎಲ್ಲಿ ಕೈಯಿಡಬಾರದು?

ಟೈರಿನ ತೂಕ ಇಳಿಸುವುದು ಬಹುದೊಡ್ಡ ಆಕರ್ಷಣೆ. 750 ಗ್ರಾಮಿನ ಟೈರುಗಳಿಗೆ ಬದಲಾಗಿ 600 ಗ್ರಾಮಿನ ತೆಳು ಟೈರುಗಳನ್ನು ಹಾಕಿದರೆ ಒಟ್ಟು 300 ಗ್ರಾಂ ಉಳಿಯುತ್ತದೆ. 45 ನಿಮಿಷಗಳ ಏರಿನಲ್ಲಿ ಅದರ ಲಾಭ ಸುಮಾರು 10 ಸೆಕೆಂಡು. ಸಹ್ಯಾದ್ರಿಯ ಚೂಪುಗಲ್ಲು ಟೈರಿನ ಪಕ್ಕವನ್ನು ಒಮ್ಮೆ ಸೀಳಿದರೆ ನಷ್ಟ ಹಲವು ನಿಮಿಷ, ಇಲ್ಲವೆ ಪಂದ್ಯವೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಅವರ ಮುಂಚಕ್ರದ ಗಾಳಿ ಹೋಗಿ, ಚಕ್ರ ಬದಲಿಸುವಷ್ಟರಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದರು. ಅವರು ಚೇತರಿಸಿಕೊಂಡು ಚಿನ್ನ ಗೆದ್ದರು, ನಿಜ. ಆದರೆ ಅವರಿಗೆ ಸಿದ್ಧ ಚಕ್ರವೂ ಮೆಕ್ಯಾನಿಕ್ಕೂ ಇದ್ದರು. ನಮ್ಮ ಮಕ್ಕಳಿಗೆ ದಾರಿಯಲ್ಲಿ ಯಾರೂ ಇರುವುದಿಲ್ಲ.

ಇನ್ನು ಹ್ಯಾಂಡಲ್, ಅದನ್ನು ಹಿಡಿದಿರುವ ಸ್ಟೆಮ್, ಸೀಟಿನ ಕಂಬ, ಬ್ರೇಕು. ಇವುಗಳಲ್ಲಿ ಒಂದು ಮುರಿದರೂ ಪೆಟ್ಟು ಬೀಳುವುದು ಮುಖಕ್ಕೆ, ಹಲ್ಲಿಗೆ, ಕತ್ತಿನ ಎಲುಬಿಗೆ. ಅಲ್ಯೂಮಿನಿಯಮ್ಮಿಗೆ ದಣಿವುಂಟು, ವರ್ಷಗಟ್ಟಲೆ ಕುಲುಕಾಟದಿಂದ ಸಣ್ಣ ಬಿರುಕು ಬೆಳೆಯುತ್ತದೆ. ಕಾರ್ಬನ್ ನಾರಿನ ಭಾಗ ಹಗುರವೂ ಬಲಶಾಲಿಯೂ ಹೌದು. ಆದರೆ ಬಿದ್ದ ಪೆಟ್ಟು ಅಥವಾ ಅತಿ ಬಿಗಿತದಿಂದ ಒಳಗಾದ ಹಾನಿ ಹೊರಗೆ ಕಾಣದೆ, ಮುನ್ಸೂಚನೆಯಿಲ್ಲದೆ ಮುರಿಯಬಹುದು. ಭಾಗದ ಮೇಲೆ ಅಚ್ಚಾಗಿರುವ ಬಿಗಿತದ ಮಿತಿಯನ್ನು, ಹಲವು ಹ್ಯಾಂಡಲ್‌ಗಳಿಗೆ ಅದು ಸುಮಾರು 5 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಿಂದ ಅಳೆದೇ ಬಿಗಿಯಬೇಕು. ಜೋರಾಗಿ ಬಿದ್ದ ಮೇಲೆ ಪರೀಕ್ಷೆ ಮಾಡಿಸಬೇಕು; ಸಂದೇಹವಿದ್ದರೆ ಬದಲಿಸಬೇಕು. ಹೆಸರು ವಿಳಾಸವಿಲ್ಲದ ಅಗ್ಗದ ಕಾರ್ಬನ್ ಹ್ಯಾಂಡಲನ್ನು ಯಾವ ಕಾರಣಕ್ಕೂ ಕೊಳ್ಳಬಾರದು. ಗಟ್ಟಿ, ಹಗುರ, ಅಗ್ಗ ಎಂಬ ಮೂರು ಗುಣಗಳಲ್ಲಿ ಎರಡು ಮಾತ್ರ ಒಟ್ಟಿಗೆ ದೊರೆಯುತ್ತವೆಂಬ ಮಾತು ಅಮೆರಿಕದ ಸೈಕಲ್ ತಯಾರಕ ಕೀತ್ ಬಾಂಟ್ರೇಗರ್ ಅವರದೆಂದು ಪ್ರಸಿದ್ಧವಾಗಿದೆ. ಹಗುರವೂ ಅಗ್ಗವೂ ಆದದ್ದು ಗಟ್ಟಿಯಾಗಿರಲಾರದು.

ಸವಾರನ ತೂಕ

“ಸೈಕಲ್ಲಿಗಿಂತ ನಿನ್ನ ಮೈತೂಕ ಇಳಿಸು, ದುಡ್ಡು ಉಳಿಯುತ್ತದೆ” ಎಂದು ಹಿರಿಯರು ಹಾಸ್ಯ ಮಾಡುವುದುಂಟು. ನಡುವಯಸ್ಸಿನ ನಮ್ಮಂಥವರಿಗೆ ಈ ಮಾತು ಸಲ್ಲುತ್ತದೆ; ಬೆಳೆಯುವ ಮಕ್ಕಳಿಗೆ ಸಲ್ಲದು. ಶ್ರಮಕ್ಕೆ ತಕ್ಕ ಆಹಾರ ಸಿಗದ ಕ್ರೀಡಾಪಟುಗಳಲ್ಲಿ ಎಲುಬು ದುರ್ಬಲವಾಗುವುದು, ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದು, ರೋಗನಿರೋಧಕ ಶಕ್ತಿ ಕುಂದುವುದು ಇವುಗಳನ್ನು 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಒಂದೇ ತೊಂದರೆಯ ಹಲವು ಮುಖಗಳೆಂದು ವಿವರಿಸಿದರು. ಗ್ರಾಮುಗಳನ್ನು ಸೈಕಲ್ಲಿನಿಂದ ಕಳೆಯಿರಿ, ಮಕ್ಕಳ ತಟ್ಟೆಯಿಂದ ಕಳೆಯಬೇಡಿ.

ಒಟ್ಟಿನಲ್ಲಿ ಹೇಳುವುದಾದರೆ, ಮೊದಲು ಟ್ಯೂಬು, ಆಮೇಲೆ ಫೋರ್ಕು, ಅನುಕೂಲವಿದ್ದಲ್ಲಿ ಚಕ್ರ, ಉಳಿದವು ಸವೆದಾಗ. ಪ್ರಾಣವನ್ನು ಹೊತ್ತಿರುವ ಭಾಗಗಳಲ್ಲಿ ನಂಬಿಕೆಯ ವಸ್ತುವೇ ಇರಲಿ, ಅದು 50 ಗ್ರಾಂ ಹೆಚ್ಚು ತೂಗಿದರೂ ಚಿಂತೆಯಿಲ್ಲ. ಹೀಗೆ ಯೋಚಿಸಿ ವೆಚ್ಚ ಮಾಡಿದರೆ ನಮ್ಮ ಮಕ್ಕಳು ಬೆಟ್ಟವನ್ನು ಬೇಗ ಏರುವರು. ಅದಕ್ಕಿಂತ ಮಿಗಿಲಾಗಿ, ಕ್ಷೇಮವಾಗಿ ಇಳಿದು ಮನೆಗೆ ಬರುವರು.