ಕಾತ್ರಜದ ಚಳಿ ಮತ್ತು ಮನೆಯ ನಾಯಿ: ಸ್ವೆಟರಿಗಿಂತ ಮೊದಲು ನೆಲ ನೋಡಿ

ಪುಣೆಯ ಚಳಿ ದೀಪಾವಳಿಯ ಬೆನ್ನಿಗೆ ಬಂದು ಶಿವರಾತ್ರಿಯ ಹೊತ್ತಿಗೆ ಹೊರಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವದ ಉಷ್ಣಾಂಶ ಸಾಮಾನ್ಯವಾಗಿ 10ರಿಂದ 12 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಉತ್ತರದ ಶೀತಗಾಳಿ ಇಳಿದು ಬಂದ ವಾರದಲ್ಲಿ 8ರ ಆಸುಪಾಸಿಗೆ ಹೋಗುತ್ತದೆ. ನಗರದ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 1935ರ ಜನವರಿಯದು, 1.7 ಡಿಗ್ರಿ. ಆದರೆ ಬೆಳಿಗ್ಗೆ 10 ಡಿಗ್ರಿ ಇದ್ದ ದಿನವೇ ಮಧ್ಯಾಹ್ನ 28–30 ಡಿಗ್ರಿ ಬಿಸಿಲು ಕಾಯುತ್ತದೆ. ಇಲ್ಲಿ ನಾಯಿ ಸಾಕಿದವರು ಗಮನಿಸಬೇಕಾದದ್ದು ಈ ಏರಿಳಿತವನ್ನು. ರಾತ್ರಿ ಬೆಚ್ಚಗಿಡಬೇಕು, ಹಗಲು ಅದೇ ಬೆಚ್ಚಗಿನ ವ್ಯವಸ್ಥೆಯಿಂದ ಬಿಡಿಸಬೇಕು.

ಪುಣೆಯ ಕಾತ್ರಜ ಇರುವುದು ಘಾಟಿನ ಬುಡದಲ್ಲಿ. ಸಂಜೆಯಾದ ಮೇಲೆ ಗುಡ್ಡದ ಮೈ ಬೇಗ ಆರುತ್ತದೆ, ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ಕೆಳಗಿಳಿದು ತಗ್ಗಿನಲ್ಲಿ ನಿಂತುಬಿಡುತ್ತದೆ. ಇಲ್ಲಿನ ಕೆರೆಯ ಸುತ್ತಮುತ್ತ ಇದರ ಜೊತೆಗೆ ತೇವವೂ ಸೇರುತ್ತದೆ. ಪತ್ರಿಕೆಯಲ್ಲಿ ಪುಣೆಯದೆಂದು ಬರುವ ಅಂಕಿ ಬಹುಮಟ್ಟಿಗೆ ಶಿವಾಜಿನಗರದ ಹವಾಮಾನ ಕೇಂದ್ರದ್ದು. ಒಂದೇ ಬೆಳಿಗ್ಗೆ ಪಾಷಾಣದಲ್ಲಿ ಒಂದು, ಮಗರಪಟ್ಟಾದಲ್ಲಿ ಅದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚು ಎನ್ನುವಷ್ಟು ವ್ಯತ್ಯಾಸ ಈ ಊರಿನೊಳಗೇ ಇದೆ. ಆದ್ದರಿಂದ ಒಂದು ಸಾದಾ ಥರ್ಮಾಮೀಟರ್ ತಂದು ನಾಯಿ ಮಲಗುವ ಜಾಗದಲ್ಲಿ, ಅದರ ಎತ್ತರಕ್ಕೇ ತೂಗುಹಾಕಿ. ಬಾಲ್ಕನಿಯ ನೆಲದ ಹತ್ತಿರದ ಅಂಕಿಗೂ ನೀವು ಮಲಗುವ ಮಂಚದ ಎತ್ತರದ ಅಂಕಿಗೂ ಇರುವ ಅಂತರ ಕಣ್ಣಿಗೆ ಬಿದ್ದರೆ ಮುಂದಿನದು ತಾನಾಗಿಯೇ ಅರ್ಥವಾಗುತ್ತದೆ.

“ಅದಕ್ಕೇನ್ರೀ ಚಳಿ, ಮೈತುಂಬಾ ಕೂದಲದಾವಲ್ಲ” ಎನ್ನುವ ಮಾತು ಇಲ್ಲಿನ ನಮ್ಮ ಕನ್ನಡಿಗರಲ್ಲಿ ಸಾಮಾನ್ಯ. ಅರ್ಧ ಮಾತ್ರ ನಿಜ. ನಾಯಿಯ ಮೈಯ ಉಷ್ಣಾಂಶ ನಮಗಿಂತ ಹೆಚ್ಚು, ಸುಮಾರು 38.3ರಿಂದ 39.2 ಡಿಗ್ರಿ. ಚಳಿಯಾದಾಗ ಅದು ಕೂದಲು ನಿಗುರಿಸಿ ನಡುವೆ ಗಾಳಿಯನ್ನು ಹಿಡಿದಿಡುತ್ತದೆ, ಮೂಗನ್ನು ಬಾಲದೊಳಗೆ ಸೇರಿಸಿ ಸುರುಳಿಯಾಗುತ್ತದೆ, ಆಮೇಲೆ ನಡುಗಿ ಶಾಖ ಹುಟ್ಟಿಸಿಕೊಳ್ಳುತ್ತದೆ. ಪಾದದಲ್ಲಿ ಇನ್ನೊಂದು ಏರ್ಪಾಡಿದೆ. ಕೆಳಗಿಳಿಯುವ ಬಿಸಿ ರಕ್ತದ ನಾಳಗಳೂ ಮೇಲೇರುವ ತಣ್ಣನೆಯ ರಕ್ತದ ನಾಳಗಳೂ ಒತ್ತಿಕೊಂಡೇ ಇರುವುದರಿಂದ ಶಾಖ ನೆಲಕ್ಕೆ ಸೋರುವ ಮೊದಲೇ ವಾಪಸು ಮೈಗೆ ಹೋಗುತ್ತದೆ. ಹಿಮದಲ್ಲೂ ನಾಯಿ ಬರಿಗಾಲಲ್ಲಿ ನಡೆಯುವುದು ಇದರಿಂದಲೇ.

ಹೊಟ್ಟೆಗೆ, ತೊಡೆಯ ಒಳಭಾಗಕ್ಕೆ ಈ ಸೌಲಭ್ಯ ಇಲ್ಲ. ಅಲ್ಲಿ ಕೂದಲೂ ತೆಳುವು. ಮಲಗಿದಾಗ ನೆಲಕ್ಕೆ ತಾಗುವುದು ಅದೇ ಭಾಗ. ಪುಣೆಯ ಹಳೆಯ ಮನೆ, ಚಾಳುಗಳಲ್ಲಿ ಶಹಾಬಾದಿ ಫರ್ಶಿ ಹಾಸಿರುತ್ತಾರೆ. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು ಅದು, ಬೇಸಿಗೆಗೆ ಅದರಷ್ಟು ಹಿತವಾದ ನೆಲ ಇನ್ನೊಂದಿಲ್ಲ. ಹೊಸ ಫ್ಲ್ಯಾಟುಗಳಲ್ಲಿ ವಿಟ್ರಿಫೈಡ್ ಟೈಲ್ಸ್. ಎರಡೂ ಮೈಯ ಶಾಖವನ್ನು ಎಡೆಬಿಡದೆ ಹೀರುತ್ತವೆ. ಏಪ್ರಿಲ್‌ನಲ್ಲಿ ನಾಯಿ ಹೊಟ್ಟೆ ಚಾಚಿ ಯಾವ ನೆಲದ ಮೇಲೆ ತಂಪಿಗೆಂದು ಬೀಳುತ್ತದೋ ಡಿಸೆಂಬರಿನಲ್ಲಿ ಅದೇ ನೆಲ ಅದರ ಶಾಖ ಕದಿಯುತ್ತದೆ. ಬೆನ್ನಿಗೆ ದುಬಾರಿ ಸ್ವೆಟರ್ ಹಾಕಿ ಹೊಟ್ಟೆಯನ್ನು ಟೈಲ್ಸ್ ಮೇಲೆ ಬಿಟ್ಟರೆ ಉಪಯೋಗ ಅಷ್ಟಕ್ಕಷ್ಟೆ. ಕಾತ್ರಜದಲ್ಲಿ ನಾಯಿಗೆ ಚಳಿಗಾಲದಲ್ಲಿ ಒಂದೇ ಒಂದು ಕೆಲಸ ಮಾಡಲು ಸಾಧ್ಯ ಎನ್ನುವವರಿಗೆ ನಾನು ಹೇಳುವುದು ಹಾಸಿಗೆ ಎತ್ತರಿಸಿ ಎಂದು.

ಅದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಹಲಗೆಯನ್ನು ಎರಡು ಇಟ್ಟಿಗೆಗಳ ಮೇಲೆ ಅಲುಗಾಡದಂತೆ ಇಟ್ಟರೆ ಕೆಳಗೆ ಮೂರು–ನಾಲ್ಕು ಇಂಚು ಗಾಳಿಯ ಪದರ ಸಿಗುತ್ತದೆ. ಅದರ ಮೇಲೆ ಒಣ ಭತ್ತದ ಹುಲ್ಲು ತುಂಬಿದ ಗೋಣಿಚೀಲ, ಅದರ ಮೇಲೆ ಹಳೆಯ ಕೌದಿ. ಊರಿನಿಂದ ತಂದ ಕುರಿ ಉಣ್ಣೆಯ ಕಂಬಳಿ ಇದ್ದರೆ ಇನ್ನೂ ಒಳ್ಳೆಯದು, ಸ್ವಲ್ಪ ತೇವ ಹೀರಿದರೂ ಉಣ್ಣೆ ಬೆಚ್ಚಗೇ ಇರುತ್ತದೆ. ಗೂಡು ಇಡುವುದಾದರೆ ನಾಯಿ ನಿಂತು, ತಿರುಗಿ, ಸುರುಳಿಯಾಗಿ ಮಲಗುವಷ್ಟು ಜಾಗ ಸಾಕು. ಗೂಡನ್ನು ಬಿಸಿ ಮಾಡುವುದು ನಾಯಿಯ ಮೈಶಾಖವೇ ಆದ್ದರಿಂದ ದೊಡ್ಡ ಗೂಡು ಬೆಚ್ಚಗಾಗುವುದೇ ಇಲ್ಲ. ಬಾಗಿಲು ಗಾಳಿಗೆ ಎದುರಾಗಿರಬಾರದು. ತಗಡಿನ ಗೂಡು ಈ ಕಾಲಕ್ಕೆ ಬೇಡವೇ ಬೇಡ, ರಾತ್ರಿ ತಗಡು ತಣ್ಣಗಾಗಿ ನಾಯಿಯ ಉಸಿರಿನ ತೇವವೇ ಹನಿಯಾಗಿ ಅದರ ಮೇಲೆ ಬೀಳುತ್ತದೆ. ಹತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಗಾಳಿ ತಡೆಯುವುದು ಕಷ್ಟ, ಅಲ್ಲಿ ಮಲಗುವ ನಾಯಿಯನ್ನು ರಾತ್ರಿ ಒಳಗೆ ಕರೆದುಕೊಳ್ಳುವುದೇ ಉಪಾಯ. ಪುಣೆಯ ಮಧ್ಯಾಹ್ನದ ಬಿಸಿಲು ಪುಕ್ಕಟೆ ಔಷಧ. ಹಾಸಿಗೆಯನ್ನು ದಿನವೂ ಅದರಲ್ಲಿ ಒಣಗಿಸಿ.

ಒಣಗಿಸುವುದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. 10 ಡಿಗ್ರಿ ಚಳಿಯನ್ನು ಆರೋಗ್ಯವಂತ, ಒಣಮೈಯ ನಾಯಿ ಸಲೀಸಾಗಿ ತಡೆದುಕೊಳ್ಳುತ್ತದೆ. ಅದೇ ನಾಯಿ ನೆನೆದು ಗಾಳಿಗೆ ನಿಂತರೆ ಕತೆ ಬೇರೆ. ಸ್ನಾನ ತಿಂಗಳಿಗೊಮ್ಮೆ ಸಾಕು, ಅದೂ ಮಧ್ಯಾಹ್ನ, ಉಗುರುಬೆಚ್ಚಗಿನ ನೀರಲ್ಲಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಸ್ಪಿಟ್ಜ್ ನಾಯಿಗಳಿಗೆ ಮೇಲ್ಗೂದಲಿನ ಕೆಳಗೆ ಹತ್ತಿಯಂಥ ಒಳಗೂದಲಿದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಉಳಿದು ಚರ್ಮ ಕೆಡುತ್ತದೆ. ಬೆರಳು ಬುಡದವರೆಗೆ ಇಳಿಸಿ ನೋಡಿ. ಉದುರುವ ಕೂದಲಿನ ಕಾಟಕ್ಕೆ ಬೇಸತ್ತು ಈ ತಿಂಗಳುಗಳಲ್ಲಿ ಬೋಳಿಸಲು ಹೋಗಬೇಡಿ.

ಯಾವ ನಾಯಿಗೆ ಚಳಿ ಹೆಚ್ಚು? ನಮ್ಮವರ ಮನೆಗೆ ಹತ್ತಿರದ ಉದಾಹರಣೆ ಮುಧೋಳ ನಾಯಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಈ ಬೇಟೆ ನಾಯಿ ಮಹಾರಾಷ್ಟ್ರದಲ್ಲಿ ಕಾರವಾನಿ ಎಂದು ಪರಿಚಿತ. ರಾಜ ಮಾಲೋಜಿರಾವ್ ಘೋರ್ಪಡೆ ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಚೀಟಿ ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಬಯಲುಸೀಮೆಯ ಬಿಸಿಲಲ್ಲಿ ಮೊಲದ ಬೆನ್ನಟ್ಟಲು ಹೇಳಿ ಮಾಡಿಸಿದ ಮೈ ಅದು: ಪಕ್ಕೆಲುಬು ಕಾಣುವಷ್ಟು ತೆಳು, ಕೊಬ್ಬಿಲ್ಲ, ಕೂದಲು ಗಿಡ್ಡ, ಒಳಗೂದಲಿಲ್ಲ. ಬಿಸಿಲಿಗೆ ಅನುಕೂಲವಾದ ಇಷ್ಟೂ ಗುಣ ಕಾತ್ರಜದ ಬೆಳಗಿನ ಜಾವಕ್ಕೆ ಅನನುಕೂಲ. ಮುಧೋಳದಿಂದ ಮರಿ ತರುವವರು ರಾತ್ರಿಯ ಪ್ರಯಾಣ ಬಿಟ್ಟು ಹಗಲಲ್ಲಿ ತನ್ನಿ.

ಪಗ್, ಡ್ಯಾಶ್‌ಹೌಂಡ್, ಡಾಬರ್ಮನ್, ಬಾಕ್ಸರ್ ನಾಯಿಗಳೂ ಇದೇ ಸಾಲಿಗೆ ಸೇರುತ್ತವೆ. ಸಣ್ಣ ಮೈ ಬೇಗ ಆರುತ್ತದೆ, ಅದರಲ್ಲೂ ಗಿಡ್ಡ ಕಾಲಿನ ಡ್ಯಾಶ್‌ಹೌಂಡಿನ ಹೊಟ್ಟೆ ಇಬ್ಬನಿ ಹುಲ್ಲಿಗೆ ತಾಗಿ ಒದ್ದೆಯಾಗುತ್ತದೆ. ಇವಕ್ಕೆ ಸ್ವೆಟರ್ ಹಾಕಿ. ಎದೆ, ಹೊಟ್ಟೆ ಮುಚ್ಚುವಂತಿರಲಿ, ಕಂಕುಳಲ್ಲಿ ಉಜ್ಜದಂತಿರಲಿ, ಒದ್ದೆಯಾದ ತಕ್ಷಣ ತೆಗೆಯಿರಿ, ಬಿಸಿಲೇರಿದ ಮೇಲೆ ಒಂದು ಕ್ಷಣವೂ ಬೇಡ. ಹಸ್ಕಿಗೆ, ಲ್ಯಾಬ್ರಡಾರಿಗೆ ಫೋಟೋಕ್ಕೆಂದು ಸ್ವೆಟರ್ ತೊಡಿಸುವುದು ಪುಣೆಯ ಚಳಿಯಲ್ಲಿ ಹಿಂಸೆ. ಏದುಸಿರು ಬಿಡುತ್ತಿದ್ದರೆ ಅದಕ್ಕೆ ಸೆಕೆಯಾಗಿದೆ ಎಂದೇ ಅರ್ಥ.

ವಾಕಿಂಗ್ ಸ್ವಲ್ಪ ಮುಂದಕ್ಕೆ ಹಾಕಿ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಏಳು ದಾಟಿದ ಮೇಲೆ. ಅದಕ್ಕೂ ಮುಂಚೆ ಹೊಗೆ, ದೂಳು ನೆಲಮಟ್ಟದಲ್ಲೇ ನಿಂತಿರುತ್ತದೆ, ಹೆದ್ದಾರಿಯ ಲಾರಿಗಳಿಗೆ ಕತ್ತಲಲ್ಲಿ ನಾಯಿ ಕಾಣುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಬೆಳಕಿಗೆ ಮಿನುಗುವ ಪಟ್ಟಿಯನ್ನು ಕೊರಳಿಗೆ ಕಟ್ಟಿ. ಗುಡ್ಡದ ಅಂಚಿನ ಮನೆಗಳವರು ನಾಯಿಯನ್ನು ರಾತ್ರಿ ಅಂಗಳದಲ್ಲಿ ಸರಪಳಿಗೆ ಕಟ್ಟಲೇಬಾರದು. ಪುಣೆ ಜಿಲ್ಲೆಯ ಗುಡ್ಡ, ಕಬ್ಬಿನ ಗದ್ದೆಗಳಲ್ಲಿ ಚಿರತೆಗಳಿವೆ, ನಾಯಿ ಅವಕ್ಕೆ ಸುಲಭದ ಬೇಟೆ, ಕಟ್ಟಿದ ನಾಯಿಗೆ ಓಡುವ ಅವಕಾಶವೂ ಇಲ್ಲ.

ಚಳಿಗಾಲದ ತಿಂಡಿಗಳ ವಿಷಯದಲ್ಲಿ ನನಗೆ ನಿಜವಾದ ಆತಂಕವಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಂಟಿನ ಉಂಡೆ, ನೆರೆಯ ಮರಾಠಿ ಮನೆಗಳಲ್ಲಿ ಡಿಂಕಾಚೆ ಲಾಡು, ಎರಡರಲ್ಲೂ ಒಣದ್ರಾಕ್ಷಿ ಬೀಳುವುದುಂಟು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲವು, ಎಷ್ಟು ತಿಂದರೆ ಅಪಾಯ ಎನ್ನುವುದು ನಾಯಿಯಿಂದ ನಾಯಿಗೆ ಬೇರೆ. ಪ್ರೀತಿಯಿಂದ ಅಜ್ಜಿ ಅರ್ಧ ಉಂಡೆ ಹಾಕಿದರೂ ಅಪಾಯವೇ, ತಿಂದದ್ದು ಗೊತ್ತಾದರೆ ವಾಂತಿಯಾಗುವವರೆಗೆ ಕಾಯದೆ ಡಾಕ್ಟರ ಹತ್ತಿರ ಓಡಿ. ಹೊಸ ವರ್ಷದ ಚಾಕಲೇಟ್ ಕೇಕ್ ಬೇಡ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ನಾಯಿಗೆ ಎಟುಕದ ಕಡೆ ಇಡಿ. ಮೂಗು ಸೋರಿದರೆ ಕರ್ಪೂರ, ನೀಲಗಿರಿ ಎಣ್ಣೆ, ವಿಕ್ಸ್ ಹಚ್ಚುವ ಅಭ್ಯಾಸ ನಮಗಿದೆ. ನಾಯಿ ಅದನ್ನು ನೆಕ್ಕುತ್ತದೆ, ಅದು ವಿಷ. ಕೀಲುನೋವಿಗೆ ಮನೆಯಲ್ಲಿರುವ ಬ್ರೂಫೆನ್, ಕಾಂಬಿಫ್ಲಾಮ್, ಡೈಕ್ಲೊಫೆನಾಕ್ ಮಾತ್ರೆ ಕೊಡುವುದು ಇನ್ನೂ ಕೆಟ್ಟದ್ದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ.

ಊಟ ಹೆಚ್ಚಿಸಬೇಕೇ? ಹೊರಗಿರುವ, ಓಡಾಡುವ ನಾಯಿಗೆ ಹೌದು. ಒಂದು ಮೊಟ್ಟೆಯೋ ಒಂದಿಷ್ಟು ಬೇಯಿಸಿದ ಕೋಳಿ ಮಾಂಸವೋ ಸೇರಿಸಿ. ಸೋಫಾದ ಮೇಲೆ ಚಳಿಗಾಲ ಕಳೆಯುವ ನಾಯಿಗೆ ಬೇಡ. ಹೆಚ್ಚು ಮರೆಯುವುದು ನೀರನ್ನು. ತಣ್ಣೀರನ್ನು ನಾಯಿ ಕಡಿಮೆ ಕುಡಿಯುತ್ತದೆ. 20 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು ಒಂದು ಲೀಟರ್ ಬೇಕು, ಬೆಳಿಗ್ಗೆ, ರಾತ್ರಿ ಉಗುರುಬೆಚ್ಚಗೆ ಮಾಡಿ ಇಡಿ. ಉಣ್ಣಿಗಳ ಕಾಟ ಈಗ ಕಡಿಮೆಯಾದರೂ ಮನೆಯ ಗೋಡೆಯ ಸಂದಿಯಲ್ಲಿ ಅವು ಬದುಕಿಯೇ ಇರುತ್ತವೆ, ಔಷಧ ನಿಲ್ಲಿಸಬೇಡಿ.

ಮುಚ್ಚಿದ ಕೋಣೆಯಲ್ಲಿ ಇದ್ದಿಲ ಶೇಗಡಿ ಇಟ್ಟು ನಾಯಿಯನ್ನು ಒಳಗೆ ಬಿಡುವುದು ಕೊಲ್ಲುವ ಕೆಲಸ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಾಯಿಗಷ್ಟೇ ಅಲ್ಲ, ಆ ಕೋಣೆಯಲ್ಲಿ ಮಲಗಿದ ಎಲ್ಲರಿಗೂ ಅದೇ ಗತಿ.

ಮುದಿ ನಾಯಿ ಬೆಳಿಗ್ಗೆ ಏಳಲು ಹಿಂದೆಮುಂದೆ ನೋಡಿದರೆ ಹಟ ಎಂದು ಗದರಬೇಡಿ, ಕೀಲು ಬಿಗಿದಿರುತ್ತದೆ. ಬಿಸಿಲಲ್ಲಿ ಸ್ವಲ್ಪ ಹೊತ್ತು ಮಲಗಿಸಿ, ಆಮೇಲೆ ಸಣ್ಣ ನಡಿಗೆಗೆ ಕರೆದೊಯ್ಯಿರಿ. ನುಣುಪು ಟೈಲ್ಸ್ ಮೇಲೆ ಜಾರದಂತೆ ಮ್ಯಾಟ್ ಹಾಸಿ.

ಮರಿಗಳ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಬೀದಿಯ ನಾಯಿಗಳು ಹೆಚ್ಚಾಗಿ ಮರಿ ಹಾಕುವುದು ಇದೇ ತಿಂಗಳುಗಳಲ್ಲಿ. ಹುಟ್ಟಿದ ಮೊದಲ ವಾರ ಮರಿಗೆ ನಡುಗಲೂ ಬರುವುದಿಲ್ಲ, ತಾಯಿಯ ಮೈಯೇ ಅದರ ಶಾಖ. ಗೂಡಿನಲ್ಲಿ 30 ಡಿಗ್ರಿಯ ಸುತ್ತ ಇರಬೇಕು. ತಣ್ಣಗಾದ ಮರಿ ಸಿಕ್ಕರೆ ಎಲ್ಲರೂ ಮೊದಲು ಮಾಡುವುದು ಹಾಲು ಕುಡಿಸುವುದು. ಅದೇ ಮರಿಯನ್ನು ಕೊಲ್ಲುತ್ತದೆ. ಮೈ ತಣ್ಣಗಿದ್ದಾಗ ಕರುಳು ಕೆಲಸ ಮಾಡದು, ಹಾಲು ಒಳಗೇ ಕೆಡುತ್ತದೆ ಅಥವಾ ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಬೆಚ್ಚಗೆ ಮಾಡಿ: ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಇಲ್ಲವೇ ನಿಮ್ಮ ಎದೆಗೆ ಒತ್ತಿ ಹಿಡಿಯಿರಿ. ನಿಧಾನವಾಗಿ, ಗಂಟೆ ಹಿಡಿದರೂ ಸರಿ. ಮೈ ಬೆಚ್ಚಗಾದ ಮೇಲೆಯೇ ಹಾಲು. ತಾಯಿ ಹತ್ತಿರದಲ್ಲಿದ್ದರೆ ಅವಳ ಬಳಿಗೇ ಸೇರಿಸಿ, ಎತ್ತಿಕೊಂಡು ದೂರ ಹೋಗಬೇಡಿ. ಡಿಸ್ಟೆಂಪರ್ ವೈರಸ್ ತಂಪು ಹವೆಯಲ್ಲಿ ಹೆಚ್ಚು ಹೊತ್ತು ಬದುಕುತ್ತದೆ. ಮನೆಗೆ ತಂದ ಮರಿಗೆ ಆರರಿಂದ ಎಂಟನೆಯ ವಾರದಲ್ಲಿ ಮೊದಲ ಲಸಿಕೆ ತಪ್ಪಿಸಬೇಡಿ.

ಅಪಾಯದ ಗುರುತುಗಳಲ್ಲಿ ಒಂದನ್ನು ಜನ ತಪ್ಪಾಗಿ ಓದುತ್ತಾರೆ. ನಡುಗುತ್ತಿದ್ದ ನಾಯಿ ನಡುಕ ನಿಲ್ಲಿಸಿ ಮಂಕಾಗಿ ಮಲಗಿದರೆ ಅದು ಸುಧಾರಿಸಿದೆ ಎಂದಲ್ಲ, ನಡುಗುವ ಶಕ್ತಿಯೂ ಮುಗಿದಿದೆ ಎಂದು. ಒಸಡು ಬಿಳಿಚಿರುತ್ತದೆ, ಕಿವಿ, ಪಾದ ತಣ್ಣಗಿರುತ್ತವೆ, ಕರೆದರೆ ಓಗೊಡುವುದಿಲ್ಲ. ಗುದದಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ನೋಡಿ, 37 ಡಿಗ್ರಿಗಿಂತ ಕೆಳಗಿದ್ದರೆ ಒಣಬಟ್ಟೆಯಲ್ಲಿ ಸುತ್ತಿ, ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಎದೆ, ಹೊಟ್ಟೆಯ ಪಕ್ಕಕ್ಕಿಟ್ಟು ಡಾಕ್ಟರ ಬಳಿಗೆ ಒಯ್ಯಿರಿ. ಕಾಲುಗಳನ್ನು ಉಜ್ಜಬೇಡಿ, ಬೆಂಕಿಯ ಪಕ್ಕ ಮಲಗಿಸಬೇಡಿ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒಣಕೆಮ್ಮು ದಿನಗಟ್ಟಲೆ ಇದ್ದರೂ ತೋರಿಸಿ, ಅದು ಬೇರೆ ನಾಯಿಗಳಿಗೆ ಹರಡುತ್ತದೆ.

ಕೊನೆಯದಾಗಿ ಕಾತ್ರಜ, ಧನಕವಡಿ, ಆಂಬೇಗಾವ್, ಕೋಂಢ್ವಾದ ಸೊಸೈಟಿಗಳಲ್ಲಿರುವ ಕನ್ನಡದ ಮನೆಗಳಿಗೆ ಒಂದು ಕೋರಿಕೆ. ಗೇಟಿನ ಹೊರಗಿನ ನಾಯಿಗೂ ಇದೇ ಚಳಿ. ಅದಕ್ಕೆ ಬಟ್ಟೆ ಹಾಸಿದರೆ ಇಬ್ಬನಿ ಹೀರಿ ಬೆಳಗಾಗುವಷ್ಟರಲ್ಲಿ ಒದ್ದೆಯಾಗುತ್ತದೆ, ಹುಲ್ಲು ತುಂಬಿದ ಗೋಣಿಚೀಲವೇ ಸರಿ. ಪಾರ್ಕಿಂಗ್ ಮೂಲೆಯಲ್ಲಿ, ಮಳೆ ಗಾಳಿ ತಾಗದ ಕಡೆ, ಒಂದು ಚೀಲ ಇಡಲು ನಿಮ್ಮ ಸೊಸೈಟಿಯ ಸೆಕ್ರೆಟರಿಯನ್ನು ಕೇಳಿ, ಹೋಳಿ ಹಬ್ಬಕ್ಕೆ ತೆಗೆಯುತ್ತೇವೆ ಎಂದು ಮಾತು ಕೊಡಿ. ಚಳಿಗೆ ನಾಯಿ ಕಾರಿನಡಿ ಮಲಗಿರಬಹುದು, ಬೆಳಿಗ್ಗೆ ಕಾರು ಹೊರಡಿಸುವ ಮೊದಲು ಬಗ್ಗಿ ಗಾಲಿಗಳ ನಡುವೆ ನೋಡಿ, ಬಾನೆಟ್ ಮೇಲೆ ಒಮ್ಮೆ ಕೈಯಿಂದ ತಟ್ಟಿ.