ಇಬ್ಬರು ತುಳಿಯುವ ಸೈಕಲ್ಲಿಗೆ ಯಾವ ಟೈರು?

ರೋಣ, ನರಗುಂದದ ರಸ್ತೆಗಳಲ್ಲಿ ಒಂದೇ ಸೈಕಲ್ಲಿನ ಮೇಲೆ ಇಬ್ಬರು ಹೋಗುವುದು ಹೊಸದೇನಲ್ಲ. ಒಬ್ಬ ತುಳಿಯುತ್ತಾನೆ, ಇನ್ನೊಬ್ಬ ಕ್ಯಾರಿಯರ್ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾನೆ. ಟ್ಯಾಂಡೆಮ್ ಸೈಕಲ್ಲಿನಲ್ಲಿ ಹಿಂದಿನವನಿಗೂ ಸೀಟು, ಪೆಡಲ್ಲು ಇರುತ್ತವೆ, ಅವನೂ ದುಡಿಯಬೇಕು. 1972ರ ಮ್ಯೂನಿಕ್ ಕೂಟದವರೆಗೂ ಒಲಿಂಪಿಕ್ಸ್‌ನಲ್ಲಿ ಇದರ ಸ್ಪರ್ಧೆ ಇತ್ತು. ಪ್ಯಾರಾಲಿಂಪಿಕ್ಸ್‌ನಲ್ಲಿ ಇಂದಿಗೂ ಇದೆ: ಮುಂದೆ ಕಣ್ಣಿದ್ದವರು, ಹಿಂದೆ ದೃಷ್ಟಿ ಇಲ್ಲದವರು. ಸೈಕಲ್ ಓಟಗಾರರಿಗೆ ಹೆಸರಾದ ಗದಗ ಸೀಮೆಯಲ್ಲಿ ಇಂಥದ್ದೊಂದನ್ನು ಓಡಿಸುವುದಾದರೆ ಮೊದಲು ಯೋಚಿಸಬೇಕಾದ್ದು ಟೈರಿನ ಬಗ್ಗೆ.

ಲೆಕ್ಕ ಹಾಕಿ ನೋಡೋಣ. 65 ಕೆಜಿಯ ಇಬ್ಬರು, 20 ಕೆಜಿ ಸೈಕಲ್ಲು, 10 ಕೆಜಿ ಸಾಮಾನು: ಒಟ್ಟು 160. ಇಬ್ಬರೂ ಎರಡು ಗಾಲಿಗಳ ನಡುವೆ ಕೂರುವುದರಿಂದ ಭಾರ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗಿ ಗಾಲಿಗೆ 80 ಕೆಜಿ ಬೀಳುತ್ತದೆ. ಅದೇ ಇಬ್ಬರು ಡಬಲ್ ಸೀಟ್ ಹೊರಟರೆ ಕ್ಯಾರಿಯರಿನವನ ಭಾರ ಬಹುತೇಕ ಹಿಂದಿನ ಗಾಲಿಗೇ. ಸವಾರ ಮತ್ತು ಸೈಕಲ್ಲಿನ ಪಾಲೂ ಸೇರಿ ಆ ಟೈರು 110 ಕೆಜಿ ದಾಟುತ್ತದೆ. ಹಾಗಾದರೆ ಟ್ಯಾಂಡೆಮ್ಮೇ ಟೈರಿಗೆ ಹಗುರವಲ್ಲವೆ? ಹಿಂದಿನದಕ್ಕೆ ಹೌದು. ಕಷ್ಟವಿರುವುದು ಮುಂದಿನದಕ್ಕೆ. ಸಾಮಾನ್ಯ ಸೈಕಲ್ಲಿನಲ್ಲಿ 30–35 ಕೆಜಿ ಹೊರುತ್ತಿದ್ದ ಮುಂದಿನ ಟೈರು ಇಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಹೊರುತ್ತದೆ. ಅದು ಸಿಡಿದರೆ ಹ್ಯಾಂಡಲ್ ಹಿಡಿತ ತಪ್ಪಿ ಬೀಳುವವರು ಇಬ್ಬರು. ಸೈಕಲ್ಲು ಉದ್ದವಾದ್ದರಿಂದ ಗುಂಡಿ ಬಂದಾಗ ಗಾಲಿ ಎತ್ತಿ ಹಾರಿಸುವುದೂ ಆಗದು. ಹಿಂದಿನವನಿಗಂತೂ ಗುಂಡಿ ಕಾಣುವುದೇ ಇಲ್ಲ. ಮುಂದಿನವನು ಕೂಗಿ ಹೇಳಿದರಷ್ಟೇ ಅವನು ಸೀಟಿನಿಂದ ಅರೆ ಎದ್ದು ಪೆಟ್ಟನ್ನು ಕಾಲಲ್ಲಿ ತಡೆದಾನು.

ಟೈರು ಭಾರ ಹೊರುವುದು ಒಳಗಿನ ಗಾಳಿಯಿಂದ. ಚದರ ಸೆಂಟಿಮೀಟರಿಗೆ 4 ಕೆಜಿ ಒತ್ತಡವಿದ್ದರೆ 80 ಕೆಜಿ ಹೊರಲು ಸುಮಾರು 20 ಚದರ ಸೆಂಟಿಮೀಟರ್ ರಬ್ಬರು ನೆಲಕ್ಕೆ ತಾಗಬೇಕು. ಸಣ್ಣ ಟೈರಾದರೆ ಅಷ್ಟು ಜಾಗ ಕೊಡಲು ಅದು ರಿಮ್ಮಿನ ತನಕ ಕುಗ್ಗುತ್ತದೆ. ಆಗ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಒಟ್ಟೊಟ್ಟಿಗೆ ಎರಡು ತೂತು. ಗಾಳಿ ಏರಿಸಿ ತಪ್ಪಿಸಿಕೊಳ್ಳೋಣವೆಂದರೆ ಬೆನ್ನು ಹೋಗುತ್ತದೆ. ಅಗಲದ ಟೈರು ಕಡಿಮೆ ಒತ್ತಡದಲ್ಲೇ ಅಷ್ಟು ಭಾರ ಹೊರುತ್ತದೆ. ನನ್ನ ಮತ 1.75ರಿಂದ 2 ಇಂಚಿನದಕ್ಕೆ.

ಅದಕ್ಕೂ ಅಗಲ ಬೇಡ, ಕಾರಣ ನರಗುಂದದ ಎರೆಮಣ್ಣು. ಅದರೊಳಗಿನ ಜೇಡಿ ನೀರು ಕುಡಿದು ಉಬ್ಬಿ, ತಾಗಿದ್ದಕ್ಕೆಲ್ಲ ಅಂಟುತ್ತದೆ. ಮಳೆಯ ಮರುದಿನ ಕಾಲುವೆ ದಂಡೆಯ ದಾರಿ ಹಿಡಿದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಗಾಲಿಯೇ ತಿರುಗದು. ಗುಬುಟು ಗುಬುಟಿನ ಟೈರು ಅಲ್ಲಿ ಇನ್ನಷ್ಟು ಮಣ್ಣು ಹೊರುತ್ತದೆಯೇ ಹೊರತು ಬೇರೇನೂ ಮಾಡದು. ನಡುವೆ ಬೆರಳು ಹೋಗುವಷ್ಟು ಸಂದು ಬಿಡಿ. ಇಷ್ಟಾದರೂ ಹಸಿ ಎರೆಯಲ್ಲಿ ಇಳಿದು ನಡೆಯುವುದೇ ಲೇಸು.

ಮುಳ್ಳಿನದು ಬೇರೆಯೇ ಕಾಟ. ಬಳ್ಳಾರಿ ಜಾಲಿಯದು ಉದ್ದ, ಗಟ್ಟಿ. ನೆಗ್ಗಿಲು ಚಿಕ್ಕದು, ಆದರೆ ಹೇಗೆ ಬಿದ್ದರೂ ಅದರ ಒಂದು ಮೊನೆ ಮೇಲಕ್ಕೇ ಇರುತ್ತದೆ. ಟೈರಿನ ನಡುಪಟ್ಟಿಯಲ್ಲಿ ಅರಾಮಿಡ್ ನೂಲಿನ ಪದರವಿದ್ದರೆ ನೆಗ್ಗಿಲು ಬಹುಮಟ್ಟಿಗೆ ಸೋಲುತ್ತದೆ, ಜಾಲಿ ಸೋಲಲೇಬೇಕೆಂದಿಲ್ಲ. ಕೆವ್ಲಾರ್ ಎಂಬ ಈ ಜಾತಿಯ ನೂಲನ್ನು 1965ರಲ್ಲಿ ಡ್ಯೂಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದರು.

ಬಿಸಿಲಿಗೆ ಗಾಳಿ ಹಿಗ್ಗಿ ಟೈರು ಒಡೆಯುತ್ತದೆಂದು ಬೇಸಿಗೆಯಲ್ಲಿ ಗಾಳಿ ಇಳಿಸುವವರಿದ್ದಾರೆ. ಬೆಳಗಿನ 25 ಡಿಗ್ರಿಯಿಂದ ಮಧ್ಯಾಹ್ನ 45ಕ್ಕೆ ಏರಿದರೂ 4 ಇದ್ದ ಒತ್ತಡ 4.3 ಆದೀತು, ಅಷ್ಟೆ. ಒಳ್ಳೆಯ ಟೈರಿಗೆ ಇದು ಲೆಕ್ಕಕ್ಕಿಲ್ಲ. ಒಡೆಯುವುದು ಬದಿ ಸೀಳಿದ ಹಳೆಯದು.

ನಿಜವಾದ ಬಿಸಿ ಗಜೇಂದ್ರಗಡದ ಗುಡ್ಡಗಳ ಇಳಿಜಾರಿನದು. 160 ಕೆಜಿಯ ಸೈಕಲ್ಲು 60 ಮೀಟರ್ ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 94 ಕಿಲೋಜೌಲ್, ಮೂರು ಕಪ್ ಚಹಾದ ನೀರು ಕುದಿಸುವಷ್ಟು. ವೇಗವಾಗಿ ಇಳಿದರೆ ಅದರಲ್ಲಿ ಒಂದಿಷ್ಟನ್ನು ಎದುರುಗಾಳಿ ತಿನ್ನುತ್ತದೆ. ಹೆದರಿ ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿದರೆ ಬಹುಪಾಲು ರಿಮ್ಮಿಗೇ ಇಳಿದು, ಪಂಚರಿನ ತೇಪೆ ಸಡಿಲಾಗಿ, ಕೊನೆಗೆ ಟ್ಯೂಬು ಸಿಡಿಯಬಹುದು. ಅದಕ್ಕೇ ಬೆಟ್ಟ ಹತ್ತಿಳಿಯುವ ಟ್ಯಾಂಡೆಮ್ಮುಗಳಿಗೆ ರಿಮ್ಮಿಗೆ ತಾಗದ ಡಿಸ್ಕ್ ಅಥವಾ ಡ್ರಮ್ ಬ್ರೇಕ್ ಕೂಡಿಸುತ್ತಾರೆ. ಅದಿಲ್ಲದಿದ್ದರೆ ನಡುವೆ ನಿಂತು ರಿಮ್ಮು ಆರಲು ಬಿಡಬೇಕು. ಮೇಲಿನ ಗಾಳಿಯಂತ್ರಗಳನ್ನು ನೋಡಲು ಅದೊಳ್ಳೆಯ ನೆಪ.

ಇನ್ನು ಸ್ಪೇರ್. ದುಬಾರಿ ಸೈಕಲ್ಲಿನವರು ಎಡವುವುದು ಇಲ್ಲೇ. ತಾಲ್ಲೂಕಿನ ಸೈಕಲ್ ಶಾಪಿನಲ್ಲಿ ಖಂಡಿತ ಸಿಗುವುದು ಹಳೆಯ ದೊಡ್ಡ ಸೈಕಲ್ಲಿನ 28×1½. ಮಕ್ಕಳು ಓಡಿಸುವ ಗೇರ್ ಸೈಕಲ್ಲುಗಳ ದಪ್ಪ 26 ಇಂಚಿನದೂ ಸಾಮಾನ್ಯವಾಗಿ ಇರುತ್ತದೆ. ಟ್ಯಾಂಡೆಮ್ಮಿಗೆ ಈ 26ರ ಗಾಲಿಯೇ ಆಗಲಿ. ಆದರೆ 26 ಎಂದರೆ ಒಂದೇ ಅಲ್ಲ: 26×1.75 ಕೂರುವ ರಿಮ್ಮಿಗೆ 26×1⅜ ಹತ್ತದು. ಟೈರಿನ ಬದಿಯಲ್ಲಿ 47-559 ಎಂಬಂಥ ಜೋಡಿ ಅಂಕಿ ಅಚ್ಚಾಗಿರುತ್ತದೆ. ಎರಡನೆಯದು ಮಿಲಿಮೀಟರಿನಲ್ಲಿ ರಿಮ್ಮಿನ ವ್ಯಾಸ. ನಂಬಬೇಕಾದ್ದು ಅದನ್ನು. 28×1½ ಮೇಲೆ 40-635 ಎಂದಿರುತ್ತದೆ, ರೇಸ್ ಸೈಕಲ್ಲಿನದು 622. ಟ್ಯೂಬು ಹಿಗ್ಗುವ ವಸ್ತುವಾದ್ದರಿಂದ ತೀರ ಗತಿಯಿಲ್ಲದಾಗ ಅಗಲದ 622ರ ಟೈರಿನಲ್ಲಿ 635ರ ಟ್ಯೂಬು ಮಡಿಸಿಯಾದರೂ ಕೂರೀತು. ಟೈರಿನ ವಿಷಯದಲ್ಲಿ ಈ ಆಟ ನಡೆಯದು. ರಿಮ್ಮಿನ ವಾಲ್ ತೂತನ್ನೂ ನೋಡಿ: ರೇಸ್ ಸೈಕಲ್ಲಿನ ಸಣ್ಣ ತೂತಿನಲ್ಲಿ ನಮ್ಮೂರ ಟ್ಯೂಬಿನ ದಪ್ಪ ವಾಲ್ ಇಳಿಯದು. ದೊಡ್ಡ ತೂತಿದ್ದರೆ ಎರಡೂ ನಡೆಯುತ್ತವೆ.

ಚೀಲದಲ್ಲಿ ಎರಡು ಟ್ಯೂಬು, ತೇಪೆ, ಸಲೂಷನ್ನು, ಪಂಪು, ನಾಲ್ಕು ಕಡ್ಡಿ ಇರಲಿ. ಟೈರಿನ ಬದಿ ಸೀಳಿದರೆ ಒಳಗಿಡಲು ಹಳೆ ಟೈರಿನ ಗೇಣುದ್ದದ ತುಂಡೂ ಬೇಕು. ಊರೂರು ದಾಟುವವರು ಅಂಚಿನಲ್ಲಿ ತಂತಿಯಿಲ್ಲದ, ಮಡಿಸಲು ಬರುವ ಟೈರೊಂದನ್ನು ಹಿಂದಿನ ಸೀಟಿನ ಕೆಳಗೆ ಕಟ್ಟಿಕೊಳ್ಳಬೇಕು. ದಾರಿಯಲ್ಲಿ ಹಿಂದಿನ ಟೈರು ಹೋದರೆ ಹೊಸದನ್ನು ನೇರ ಅಲ್ಲಿಗೇ ಹಾಕಬೇಡಿ. ಹೊಸದು ಮುಂದಕ್ಕೆ, ಮುಂದಿದ್ದದ್ದು ಹಿಂದಕ್ಕೆ. ಕೆಲಸ ಎರಡರಷ್ಟಾದೀತು, ಮಾಡಲು ಇಬ್ಬರಿದ್ದೀರಲ್ಲ.